ಅಮ್ಮನನ್ನು ನರ್ಸಿಂಗ್ ಹೋಮಿನಿಂದ ಮನೆಗೆ ಕರೆತರುವ ದಾರಿ: ಅಮೆರಿಕದ ಕನ್ನಡ ಕುಟುಂಬಗಳಿಗೆ

ಅಮೆರಿಕದಲ್ಲಿ ನಮ್ಮವರ ಅಪ್ಪ ಅಮ್ಮ ನರ್ಸಿಂಗ್ ಹೋಮ್ (ಇಲ್ಲಿ ಅದು ಊರಿನಂತೆ ಚಿಕ್ಕ ಆಸ್ಪತ್ರೆಯಲ್ಲ, ಆರೈಕೆ ಬೇಕಾದವರು ತಂಗುವ ಜಾಗ) ಸೇರುವುದು ಸಾಮಾನ್ಯವಾಗಿ ಯಾರೂ ಕೂತು ಯೋಚಿಸಿ ಮಾಡಿದ ತೀರ್ಮಾನ ಆಗಿರುವುದಿಲ್ಲ. ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿಯುತ್ತದೆ, ಇಲ್ಲವೇ ಸ್ಟ್ರೋಕ್ ಆಗುತ್ತದೆ. ಕೆಲವೇ ದಿನಗಳಲ್ಲಿ ಆಸ್ಪತ್ರೆಯವರು ‘ರಿಹ್ಯಾಬ್‌ಗೆ ಕಳಿಸುತ್ತೇವೆ’ ಅನ್ನುತ್ತಾರೆ. ಮತ್ತೆ ಓಡಾಡುವಂತೆ ತಯಾರು ಮಾಡುವ ಆ ರಿಹ್ಯಾಬ್ ನಡೆಯುವುದು ಹೆಚ್ಚಾಗಿ ನರ್ಸಿಂಗ್ ಹೋಮಿನಲ್ಲೇ. ಎರಡು ವಾರ ಎಂದಿದ್ದು ಎರಡು ತಿಂಗಳಾಗುತ್ತದೆ. ಒಂದು ದಿನ ಆಫೀಸಿನವರು ‘ಲಾಂಗ್ ಟರ್ಮ್ ಬೆಡ್‌ಗೆ ಬದಲಾಯಿಸೋಣವೇ?’ ಎಂದು ಕೇಳುತ್ತಾರೆ. ದಣಿದ ಮಕ್ಕಳು ಹೂಂ ಅಂದುಬಿಡುತ್ತಾರೆ.

ಹಾಗೆ ಲಾಂಗ್ ಟರ್ಮ್ ಬೆಡ್ ಸೇರಿದವರೂ ಮನೆಗೆ ಬಂದಿದ್ದಾರೆ. ಅದಕ್ಕೆ ಕಾನೂನಿದೆ, ಸರ್ಕಾರದ ದುಡ್ಡಿದೆ, ಅದನ್ನೇ ಕೆಲಸವಾಗಿ ಮಾಡುವ ಜನರೂ ಇದ್ದಾರೆ. ಜಾರ್ಜಿಯಾ ರಾಜ್ಯದಲ್ಲಿ ಲೋಯಿಸ್ ಕರ್ಟಿಸ್ ಮತ್ತು ಎಲೇನ್ ವಿಲ್ಸನ್ ಎಂಬ ಇಬ್ಬರು ಮಹಿಳೆಯರನ್ನು, ‘ಇವರು ಹೊರಗೆ ಬದುಕಬಲ್ಲರು’ ಎಂದು ವೈದ್ಯರೇ ಹೇಳಿದ ಮೇಲೂ ಆಸ್ಪತ್ರೆಯೊಳಗೇ ಇಟ್ಟಿದ್ದರು. ಆ ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಯಿತು. 1999ರ ಜೂನ್‌ನಲ್ಲಿ ಓಮ್‌ಸ್ಟೆಡ್ ತೀರ್ಪು ಬಂತು. ಕಾರಣವಿಲ್ಲದೆ ಅಂಗವಿಕಲರನ್ನು ಸಂಸ್ಥೆಯೊಳಗೆ ಇರಿಸಿಕೊಳ್ಳುವುದು ತಾರತಮ್ಯ ಎಂದು ಕೋರ್ಟ್ ಹೇಳಿತು. ಮೂರು ವಿಷಯ ಕೂಡಿ ಬರಬೇಕು: ಚಿಕಿತ್ಸೆ ಕೊಡುವವರು ‘ಹೊರಗೆ ಬದುಕಬಹುದು’ ಅನ್ನಬೇಕು, ಆ ವ್ಯಕ್ತಿಗೆ ಬೇಡ ಅನ್ನಿಸಿರಬಾರದು, ಅದಕ್ಕೆ ಬೇಕಾದ ಸೇವೆ ರಾಜ್ಯದ ಕೈಗೆಟುಕುವಂತಿರಬೇಕು. ಮುಂದಿನ ಹಂತಗಳೆಲ್ಲ ಈ ಮೂರನ್ನು ಕಾಗದದ ಮೇಲೆ ತರುವ ಕೆಲಸ.

ಅಪ್ಪನಾಗಲಿ ಅಮ್ಮನಾಗಲಿ ದಾರಿ ಒಂದೇ. ಇಲ್ಲಿ ಸುಮ್ನೆ ಅಮ್ಮ ಅಂತ ಬರೆಯುತ್ತಾ ಹೋಗುತ್ತೇನೆ.

ಹಂತ 1: ಆ ಒಂದು ಪ್ರಶ್ನೆಗೆ ಅಮ್ಮ ಏನು ಉತ್ತರ ಕೊಟ್ಟರು?

ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಅಥವಾ ಮೆಡಿಕೈಡ್ (ಆದಾಯ ಕಡಿಮೆ ಇರುವವರ ಸರ್ಕಾರಿ ಆರೋಗ್ಯ ನೆರವು) ಹಣ ಪಡೆಯುವ ಪ್ರತಿ ನರ್ಸಿಂಗ್ ಹೋಮೂ ಅಲ್ಲಿರುವ ಒಬ್ಬೊಬ್ಬರ ಬಗ್ಗೆಯೂ ಎಂಡಿಎಸ್ ಎಂಬ ಉದ್ದನೆಯ ಫಾರ್ಮ್ ತುಂಬಬೇಕು. 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯಿಂದ ಬಂದ ಪದ್ಧತಿ ಇದು. ಸೇರಿದ 14 ದಿನದೊಳಗೆ ಒಂದು ಪೂರ್ತಿ ಮೌಲ್ಯಮಾಪನ, ಆಮೇಲೆ ಮೂರು ತಿಂಗಳಿಗೊಮ್ಮೆ ಚಿಕ್ಕದು, ವರ್ಷಕ್ಕೊಮ್ಮೆ ಮತ್ತೆ ಪೂರ್ತಿ. ಅದರಲ್ಲಿ ‘ಸೆಕ್ಷನ್ ಕ್ಯೂ’ ಎಂಬ ಭಾಗವಿದೆ. ಅಲ್ಲಿ ಅಮ್ಮನನ್ನೇ ನೇರವಾಗಿ ಕೇಳುತ್ತಾರೆ: ಇಲ್ಲಿಂದ ಹೊರಟು, ಹೊರಗೆ ಬದುಕುತ್ತಾ ಅಲ್ಲೇ ಸೇವೆ ಪಡೆಯುವ ಬಗ್ಗೆ ಯಾರ ಜೊತೆಗಾದರೂ ಮಾತಾಡಲು ಇಷ್ಟವಿದೆಯೇ?

ಹೌದು ಅಂದರೆ ನರ್ಸಿಂಗ್ ಹೋಮಿನವರು ‘ಲೋಕಲ್ ಕಾಂಟ್ಯಾಕ್ಟ್ ಏಜೆನ್ಸಿ’ಗೆ ಹೆಸರು ಕಳಿಸಬೇಕು. ಅಲ್ಲಿಂದ ಒಬ್ಬರು ಬಂದು ಮನೆಗೆ ಹೋಗುವ ದಾರಿಗಳನ್ನು ವಿವರಿಸುತ್ತಾರೆ. ಇಲ್ಲ ಅಂದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಅಮ್ಮಂದಿರು ಏನನ್ನುತ್ತಾರೆ, ಗೊತ್ತಲ್ವಾ? ‘ನಿಮಗ್ಯಾಕೆ ತೊಂದರೆ, ನಾನು ಇಲ್ಲೇ ಇರ್ತೀನಿ.’ ಮಗಳಿಗೆ ಆಫೀಸಿದೆ, ಅಳಿಯ ಏನಂದುಕೊಳ್ಳುತ್ತಾರೋ, ಮೊಮ್ಮಕ್ಕಳಿಗೆ ಪರೀಕ್ಷೆ. ಇದೆಲ್ಲ ಲೆಕ್ಕ ಹಾಕಿ ಬೇಡ ಅನ್ನುತ್ತಾರೆ. ಫಾರ್ಮ್ ತುಂಬುವವರಿಗೆ ಆ ಲೆಕ್ಕ ಕಾಣುವುದಿಲ್ಲ. ಅವರು ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಹಾಗಾಗಿ ಮೊದಲು ಸೋಷಿಯಲ್ ವರ್ಕರ್ ಹತ್ತಿರ ಹೋಗಿ ಸೆಕ್ಷನ್ ಕ್ಯೂನಲ್ಲಿ ಏನು ಬರೆದಿದೆ ಎಂದು ಕೇಳಿ. ಆಮೇಲೆ ಅಮ್ಮನ ಜೊತೆ ಕೂತು, ‘ಮಾತಾಡ್ತೀನಿ’ ಅಂದ ಮಾತ್ರಕ್ಕೆ ನಾಳೆಯೇ ಹೊರಡಬೇಕು ಅಂತಲ್ಲ ಎಂದು ತಿಳಿಸಿ. ಮುಂದಿನ ಮೌಲ್ಯಮಾಪನದ ತನಕ ಕಾಯಬೇಕಾಗಿಲ್ಲ. ಯಾವತ್ತು ಬೇಕಾದರೂ ಏಜೆನ್ಸಿಗೆ ಹೆಸರು ಕಳಿಸಿ ಎಂದು ಕೇಳಬಹುದು. ಕಳಿಸಿದ ತಾರೀಕು, ಏಜೆನ್ಸಿಯ ಹೆಸರು ಎರಡನ್ನೂ ಬರೆದುಕೊಳ್ಳಿ. ಈ ಪ್ರಶ್ನೆಯನ್ನು ಮೂರು ತಿಂಗಳಿಗೊಮ್ಮೆಯೂ ಕೇಳಬೇಕೇ ಅಥವಾ ವರ್ಷದ ಪೂರ್ತಿ ಮೌಲ್ಯಮಾಪನದಲ್ಲಿ ಮಾತ್ರ ಸಾಕೇ ಅನ್ನುವ ಆಯ್ಕೆಯೂ ಫಾರ್ಮಿನಲ್ಲಿದೆ. ಪ್ರತಿ ಸಲವೂ ಕೇಳಿ ಅಂತಲೇ ಬರೆಸಿ.

ನರ್ಸಿಂಗ್ ಹೋಮಿನವರು ಇವತ್ತು ನಾಳೆ ಎಂದು ಎಳೆದರೆ ಆಂಬುಡ್ಸ್‌ಮನ್‌ಗೆ ಫೋನ್ ಮಾಡಿ. ನರ್ಸಿಂಗ್ ಹೋಮಿನಲ್ಲಿರುವವರ ಪರ ನಿಲ್ಲುವುದೇ ಅವರ ಕೆಲಸ, ಪ್ರತಿ ರಾಜ್ಯದಲ್ಲೂ ಇದ್ದಾರೆ, ಶುಲ್ಕವಿಲ್ಲ. ನಿಮ್ಮ ಊರಿನ ಆಂಬುಡ್ಸ್‌ಮನ್ ಯಾರು, ಹಿರಿಯರಿಗೆ ನೆರವು ನೀಡುವ ಕಚೇರಿ ಎಲ್ಲಿದೆ ಅನ್ನುವುದನ್ನು ಎಲ್ಡರ್‌ಕೇರ್ ಲೊಕೇಟರ್‌ನವರು 1-800-677-1116ರಲ್ಲಿ ಹೇಳುತ್ತಾರೆ. ಇನ್ನೊಂದು ಜಾಗ ಇಂಡಿಪೆಂಡೆಂಟ್ ಲಿವಿಂಗ್ ಸೆಂಟರ್. 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಂಗವಿಕಲರೇ ಕಟ್ಟಿದ ಕೇಂದ್ರದಿಂದ ಹರಡಿದ ಚಳವಳಿ ಇದು. ಸಂಸ್ಥೆಗಳಿಂದ ಜನರನ್ನು ಹೊರತರುವುದು 2014ರ ಕಾನೂನಿನ ಪ್ರಕಾರ ಈ ಕೇಂದ್ರಗಳ ಮುಖ್ಯ ಕೆಲಸಗಳಲ್ಲಿ ಒಂದು.

ಹಂತ 2: ಮೌಲ್ಯಮಾಪನ ಕನ್ನಡದಲ್ಲೇ ಆಗಲಿ

ನನ್ನ ಪ್ರಕಾರ ನಮ್ಮವರ ಮಟ್ಟಿಗೆ ಅತಿ ಮುಖ್ಯವಾದ ಹಂತ ಇದು. ಹೆಚ್ಚಿನ ಕುಟುಂಬಗಳು ಬಿಟ್ಟುಬಿಡುವುದೂ ಇದನ್ನೇ.

ಎಂಡಿಎಸ್ ಮೌಲ್ಯಮಾಪನದಲ್ಲಿ ಬಿಮ್ಸ್ ಎಂಬ ನೆನಪಿನ ಚಿಕ್ಕ ಪರೀಕ್ಷೆಯಿದೆ. ಮೂರು ಪದ ಹೇಳಿ ತಿರುಗಿ ಹೇಳಿಸುತ್ತಾರೆ. ಯಾವ ವರ್ಷ, ಯಾವ ತಿಂಗಳು, ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಆ ಮೂರು ಪದ ಮತ್ತೆ ನೆನಪಿದೆಯೇ ನೋಡುತ್ತಾರೆ. ಒಟ್ಟು 15 ಅಂಕ. 13ರಿಂದ 15 ಬಂದರೆ ನೆನಪು ಸರಿಯಿದೆ, 8ರಿಂದ 12 ಮಧ್ಯಮ ತೊಂದರೆ, 7 ಅಥವಾ ಕೆಳಗೆ ತೀವ್ರ ತೊಂದರೆ. ಇದನ್ನು ಇಂಗ್ಲಿಷಿನಲ್ಲಿ, ಅದೂ ಅಮೆರಿಕನ್ ಉಚ್ಚಾರದಲ್ಲಿ ಕೇಳಿದರೆ ಏನಾಗುತ್ತದೆ? ಇವತ್ತು ಏಕಾದಶಿ, ನಾಡಿದ್ದು ತನ್ನ ಅಮ್ಮನ ಶ್ರಾದ್ಧ ಎಂದು ಕರಾರುವಾಕ್ಕಾಗಿ ಹೇಳುವ ಅಜ್ಜಿ ಅಲ್ಲಿ ತಬ್ಬಿಬ್ಬಾಗಿ ಕೂರುತ್ತಾರೆ. ಅಂಕ 6 ಬರುತ್ತದೆ. ಆಮೇಲೆ ಎಲ್ಲ ಮೀಟಿಂಗಿನಲ್ಲೂ ಆ 6 ಮೊದಲು ಬಂದು ಕೂರುತ್ತದೆ: ‘ಇಷ್ಟು ಮರೆವಿರುವವರನ್ನು ಮನೆಗೆ ಹೇಗೆ ಕಳಿಸುವುದು?’

ಎಂಡಿಎಸ್ ಫಾರ್ಮಿನ ಆರಂಭದಲ್ಲೇ ಯಾವ ಭಾಷೆ ಇಷ್ಟ, ದುಭಾಷಿ ಬೇಕೇ ಎಂಬ ಪ್ರಶ್ನೆ ಇದೆ. ಅಲ್ಲಿ ‘ಕನ್ನಡ’ ಎಂದೇ ಬರೆಸಿ. ಸರ್ಕಾರದ ಹಣ ಪಡೆಯುವ ಸಂಸ್ಥೆ ತರಬೇತಾದ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಫೋನಿನಲ್ಲೋ ವಿಡಿಯೋದಲ್ಲೋ. ಇಂಡಿಯಾದವರು ಅಂದ ಕೂಡಲೇ ಹಿಂದಿ ದುಭಾಷಿಯನ್ನು ಹಚ್ಚಿಬಿಡುವುದುಂಟು. ಹುಬ್ಬಳ್ಳಿ, ಹಾಸನದಿಂದ ಬಂದ ಅಮ್ಮ ತಲೆಯಾಡಿಸುತ್ತಾರೆ, ಅಷ್ಟೇ. ಕನ್ನಡದ ದುಭಾಷಿ ತಕ್ಷಣ ಸಿಗುವುದು ಕಷ್ಟ, ಆದ್ದರಿಂದ ಕೆಲವು ದಿನ ಮೊದಲೇ ಹೇಳಿಡಿ. ನೀವೇ ದುಭಾಷಿ ಆಗಲು ಹೋಗಬೇಡಿ. ಅಮ್ಮ ತಡವರಿಸಿದಾಗ ನಮಗೆ ಗೊತ್ತಿಲ್ಲದೆಯೇ ಸಹಾಯ ಮಾಡಿಬಿಡುತ್ತೇವೆ. ಮನೆಗೆ ಬರಲು ಇಷ್ಟವೇ ಅನ್ನುವ ಪ್ರಶ್ನೆಗಂತೂ ಮಕ್ಕಳ ಮುಖ ನೋಡಿಕೊಂಡು ನಿಜವಾದ ಉತ್ತರ ಬರುವುದಿಲ್ಲ.

ಇಂಗ್ಲಿಷಿನಲ್ಲಿ ಆಗಲೇ ಮಾಡಿ ಮುಗಿಸಿದ್ದರೆ ಕನ್ನಡದಲ್ಲಿ ಮತ್ತೆ ಮಾಡಿ ಎಂದು ಬರವಣಿಗೆಯಲ್ಲಿ ಕೇಳಿ. ಹೊಸ ಅಂಕವೂ ಕಡಿಮೆಯೇ ಬಂದರೆ ಒಪ್ಪಿಕೊಳ್ಳಿ. ಆಗಲೂ ಅಂಕ ಕಡಿಮೆ ಅಂದ ಮಾತ್ರಕ್ಕೆ ಅಮ್ಮನಿಗೆ ತನ್ನ ಬದುಕಿನ ತೀರ್ಮಾನ ಮಾಡುವ ಶಕ್ತಿ ಇಲ್ಲ ಎಂದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ಮೂಡ್ ಬಗ್ಗೆ ಕೇಳುವ ಪ್ರಶ್ನೆಗಳನ್ನೂ ಕನ್ನಡದಲ್ಲೇ ಕೇಳಿಸಿ. ಊಟದ ವಿಷಯವೂ ಸೇರಿಸಿ ಹೇಳಿ: ಅಮ್ಮ ಸಸ್ಯಾಹಾರಿ, ಕೈಯಲ್ಲಿ ಉಣ್ಣುತ್ತಾರೆ, ಅನ್ನ ಸಾರು ಮೊಸರು ಇದ್ದರೆ ಪೂರ್ತಿ ತಿನ್ನುತ್ತಾರೆ. ಹೇಳದಿದ್ದರೆ ‘ಊಟ ಮಾಡುವುದಿಲ್ಲ, ತೂಕ ಇಳಿದಿದೆ’ ಅನ್ನುವುದು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ.

ಹಂತ 3: ಅಂಕಗಳನ್ನು ಮನೆಯ ಕೆಲಸಕ್ಕೆ ಹೊಂದಿಸಿ ಓದಿ

ಎಂಡಿಎಸ್ ಫಾರ್ಮಿನ ‘ಸೆಕ್ಷನ್ ಜಿಜಿ’ಯಲ್ಲಿ ದಿನದ ಕೆಲಸಗಳಿಗೆ ಅಂಕ ಕೊಡುತ್ತಾರೆ. ಊಟ, ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಟಾಯ್ಲೆಟ್, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡೆಯುವುದು. 6 ಅಂದರೆ ತಾನೇ ಮಾಡಿಕೊಳ್ಳುತ್ತಾರೆ. 5 ಅಂದರೆ ಸಾಮಾನು ಎದುರಿಗಿಟ್ಟರೆ ಸಾಕು. 4 ಅಂದರೆ ಪಕ್ಕದಲ್ಲಿ ನಿಂತು ನೋಡಬೇಕು, ಸ್ವಲ್ಪ ಕೈಹಿಡಿಯಬೇಕು. 3ರಲ್ಲಿ ಸಹಾಯಕರ ಶ್ರಮ ಅರ್ಧಕ್ಕಿಂತ ಕಡಿಮೆ, 2ರಲ್ಲಿ ಅರ್ಧಕ್ಕಿಂತ ಜಾಸ್ತಿ. 1 ಅಂದರೆ ಪೂರ್ತಿ ಅವಲಂಬನೆ, ಅಥವಾ ಇಬ್ಬರು ಸೇರಿ ಮಾಡಿಸಬೇಕು.

ಆ 1ರ ಬಗ್ಗೆ ವಿಚಾರಿಸಲೇಬೇಕು. ಒಬ್ಬರೇ ಪೂರ್ತಿ ಮಾಡಿಸುತ್ತಿದ್ದಾರೋ, ಇಬ್ಬರು ಬೇಕೋ? ಇಬ್ಬರು ಬೇಕಿದ್ದರೆ ಮನೆಯಲ್ಲಿ ಅಮ್ಮನನ್ನು ಎತ್ತಿ ಕೂರಿಸುವ ಲಿಫ್ಟ್ ಯಂತ್ರ ಬೇಕಾಗುತ್ತದೆ. ಅದಿದ್ದರೆ ಎಷ್ಟೋ ಸಲ ತರಬೇತಿ ಪಡೆದ ಒಬ್ಬರೇ ನಿಭಾಯಿಸಬಹುದು. ಥೆರಪಿಸ್ಟ್ ಹತ್ತಿರ ಅದನ್ನೇ ಕೇಳಿ.

ಇನ್ನೊಂದು ವಿಷಯ. ನರ್ಸಿಂಗ್ ಹೋಮಿನಲ್ಲಿ ಎಷ್ಟೋ ಜನರನ್ನು ಗಾಲಿಕುರ್ಚಿಯಲ್ಲೇ ಓಡಾಡಿಸುತ್ತಾರೆ, ಬೇಗ ಆಗುತ್ತದೆ ಅಂತ. ನಡೆಯಲಾಗದು ಅನ್ನುವುದಕ್ಕೂ ನಡೆಸುತ್ತಿಲ್ಲ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಥೆರಪಿ ನಡೆಯುವಾಗ ಹೋಗಿ ಕಣ್ಣಾರೆ ನೋಡಿ. ದಿನದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ನಿಮ್ಮ ಮನೆಯ ರೂಢಿಗಳನ್ನು ಹೇಳಿ. ಅಮ್ಮ ಟಬ್ಬಿನಲ್ಲಿ ಇಳಿದು ಶವರ್ ಮಾಡುವವರಲ್ಲ. ಕುರ್ಚಿ ಮೇಲೆ ಕೂತು ಬಕೆಟ್, ಚೊಂಬು ಇಟ್ಟುಕೊಂಡು ಸ್ನಾನ ಮಾಡುತ್ತಾರೆ. ದೇವರ ಮುಂದೆ ನೆಲದಲ್ಲಿ ಕೂರಬೇಕು ಅನ್ನುತ್ತಾರೆ. ಸೀರೆ ಉಡುತ್ತಾರೆ. ಇದು ಗೊತ್ತಿದ್ದರೆ ಅಭ್ಯಾಸ ಮಾಡಿಸುವ ರೀತಿಯೇ ಬೇರೆ ಆಗುತ್ತದೆ.

ಹಂತ 4: 24 ಗಂಟೆಯನ್ನು ಹಾಳೆಯ ಮೇಲೆ ಬರೆಯಿರಿ

‘ಅಮ್ಮ ಮನೆಗೆ ಬರಬಹುದಾ?’ ಎಂದು ಡಾಕ್ಟರನ್ನು ಕೇಳಿದರೆ ‘ನೋಡೋಣ’ ಅನ್ನುತ್ತಾರೆ. ಯಾವ ಹೊತ್ತಿಗೆ ಯಾರ ಕೈ ಬೇಕು ಎಂದು ಬರೆದುಕೊಂಡು ಹೋದರೆ ಮಾತು ಮುಂದೆ ಸಾಗುತ್ತದೆ.

ಒಂದು ಹಾಳೆಯಲ್ಲಿ ಬೆಳಗ್ಗೆ 6ರಿಂದ ಮರುದಿನ ಬೆಳಗ್ಗೆ 6ರ ತನಕ ಗಂಟೆ ಬರೆಯಿರಿ. ಪ್ರತಿ ಗಂಟೆಯ ಎದುರು ಅಮ್ಮನಿಗೆ ಬೇಕಾದ ಸಹಾಯ, ಅದರ ಎದುರು ಮಾಡುವವರ ಹೆಸರು. ‘ನಾವೆಲ್ಲ ನೋಡ್ಕೋತೀವಿ’ ಅನ್ನುವುದು ಹೆಸರಲ್ಲ. ಹಗಲಿಗೆ ಜನ ಸಿಗುತ್ತಾರೆ: ಮನೆಗೆ ಬಂದು ನೋಡಿಕೊಳ್ಳುವ ಹೋಮ್ ಹೆಲ್ತ್ ಏಡ್, ಹಗಲು ಹೊತ್ತು ಹಿರಿಯರನ್ನು ನೋಡಿಕೊಳ್ಳುವ ಅಡಲ್ಟ್ ಡೇ ಸೆಂಟರ್, ಮನೆಯಿಂದ ಕೆಲಸ ಮಾಡುವ ಮಗ. ನ್ಯೂಜೆರ್ಸಿಯಂಥ ಕಡೆ ಭಾರತೀಯ ಹಿರಿಯರಿಗೆಂದೇ ನಡೆಯುವ ಡೇ ಸೆಂಟರ್‌ಗಳಿವೆ. ಸಸ್ಯಾಹಾರಿ ಊಟ, ಭಜನೆ ಎಲ್ಲ ಇರುತ್ತದೆ, ಭಾಷೆ ಮಾತ್ರ ಗುಜರಾತಿ, ಹಿಂದಿ ಜಾಸ್ತಿ. ಯೋಜನೆ ಮುರಿದು ಬೀಳುವುದು ರಾತ್ರಿಯಲ್ಲಿ. 2 ಗಂಟೆಗೆ ಬಾತ್‌ರೂಮಿಗೆ ಎಬ್ಬಿಸಿ ಕರೆದೊಯ್ಯುವವರು ಯಾರು? ವಾರಕ್ಕೆ ಏಳು ರಾತ್ರಿ, ಬೆಳಗ್ಗೆ ಎದ್ದು ಆಫೀಸಿಗೆ ಹೋಗಬೇಕಾದವರೇ? ಅಮ್ಮ ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ನರ್ಸಿಂಗ್ ಹೋಮಿನ ರಾತ್ರಿ ಪಾಳಿಯವರನ್ನು ಕೇಳಿ. ಹಗಲಿನ ನರ್ಸ್‌ಗೆ ಅದು ಗೊತ್ತಿರುವುದಿಲ್ಲ. ಕಮೋಡ್ ಕುರ್ಚಿ ಹಾಸಿಗೆ ಪಕ್ಕದಲ್ಲಿಟ್ಟರೆ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯನ್ನು ಬೆಳಗ್ಗೆಗೆ ಬದಲಾಯಿಸಲು ಡಾಕ್ಟರ್ ಒಪ್ಪಿದರೆ, ಮೂರು ಸಲ ಏಳುವವರು ಒಮ್ಮೆ ಏಳಬಹುದು. ಇಂಥ ಸಣ್ಣ ಬದಲಾವಣೆಗಳಿಂದ ಎಷ್ಟೋ ಮನೆಗಳಲ್ಲಿ ಲೆಕ್ಕ ಸರಿಹೋಗುತ್ತದೆ.

ಹಾಳೆ ತುಂಬದೇ ಹೋಗುವುದೂ ಉಂಟು. ಡಿಮೆನ್ಷಿಯಾದಿಂದ ರಾತ್ರಿ ಬಾಗಿಲು ತೆಗೆದು ಹೊರಟುಬಿಡುವ ಅಮ್ಮ, ನೋಡಿಕೊಳ್ಳಲು ಎಂಬತ್ತು ದಾಟಿದ ಅಪ್ಪ ಒಬ್ಬರೇ ಅಂದರೆ ಮನೆಗೆ ಬೇಡ. ನಾಲ್ಕು ಜನ ಬೈದುಕೊಳ್ಳಲಿ, ಬೇಡ. ಆಗ ಕಡಿಮೆ ಜನರಿರುವ ಕೇರ್ ಹೋಮ್, ಅಸಿಸ್ಟೆಡ್ ಲಿವಿಂಗ್ ನೋಡಬಹುದು. ಮಗನ ಮನೆಯೇ ಆಗಬೇಕೆಂದಿಲ್ಲ.

ಹಂತ 5: ದುಡ್ಡು ಎಲ್ಲಿಂದ

ಮೆಡಿಕೇರ್ ದೀರ್ಘಕಾಲದ ಆರೈಕೆಗೆ ಕೊಡುವುದಿಲ್ಲ. ಅದು ಕೊಡುವುದು ರಿಹ್ಯಾಬ್‌ಗೆ, ಒಂದು ಅವಧಿಗೆ ಹೆಚ್ಚೆಂದರೆ 100 ದಿನ. ಮೊದಲ 20 ದಿನ ಪೂರ್ತಿ, ಆಮೇಲೆ ದಿನಕ್ಕೆ ಇಷ್ಟು ಎಂದು ಕೈಯಿಂದ ಕೊಡಬೇಕು. 2025ರಲ್ಲಿ ಅದು 209.50 ಡಾಲರ್ ಇತ್ತು. ‘ಇನ್ನು ಸುಧಾರಿಸುತ್ತಿಲ್ಲ, ಮೆಡಿಕೇರ್ ನಿಲ್ಲುತ್ತದೆ’ ಎಂದರೆ ಸುಮ್ನೆ ಒಪ್ಪಬೇಡಿ. 2013ರಲ್ಲಿ ರಾಜಿಯಾದ ಜಿಮ್ಮೊ ಮೊಕದ್ದಮೆಯ ಪ್ರಕಾರ ಸುಧಾರಣೆ ಆಗಲೇಬೇಕೆಂಬ ನಿಯಮ ಇಲ್ಲ. ಇರುವ ಶಕ್ತಿ ಕುಸಿಯದಂತೆ ಕಾಪಾಡಲು ಪರಿಣತರ ಆರೈಕೆ ಬೇಕಿದ್ದರೂ ಮೆಡಿಕೇರ್ ಕೊಡುತ್ತದೆ. ಸೇವೆ ನಿಲ್ಲಿಸುವ ಕನಿಷ್ಠ ಎರಡು ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ನಿಲ್ಲುವ ಹಿಂದಿನ ದಿನ ಮಧ್ಯಾಹ್ನ 12ರೊಳಗೆ, ನೋಟಿಸಿನಲ್ಲಿರುವ ನಂಬರಿಗೆ ಫೋನ್ ಮಾಡಿ ಮೇಲ್ಮನವಿ ಹಾಕಬಹುದು. ಆ ಹೊತ್ತು ದಾಟಿಸಬೇಡಿ.

ಮನೆಯಲ್ಲಿ ದಿನನಿತ್ಯದ ಸಹಾಯಕ್ಕೆ ದುಡ್ಡು ಬರುವುದು ಮೆಡಿಕೈಡ್‌ನಿಂದ. ‘ವೇವರ್’ ಎಂಬ ಯೋಜನೆಗಳು ನರ್ಸಿಂಗ್ ಹೋಮ್ ಮಟ್ಟದ ಆರೈಕೆ ಬೇಕಿರುವವರಿಗೆ ಮನೆಯಲ್ಲೇ ಸೇವೆ ಕೊಡುತ್ತವೆ, ಆದರೆ ಎಷ್ಟೋ ರಾಜ್ಯಗಳಲ್ಲಿ ಉದ್ದನೆಯ ಕಾಯುವ ಪಟ್ಟಿ ಇದೆ. ಆಗಲೇ ನರ್ಸಿಂಗ್ ಹೋಮಿನಲ್ಲಿ ಇರುವವರಿಗೆ ‘ಮನಿ ಫಾಲೋಸ್ ದ ಪರ್ಸನ್’ ಎಂಬ ಇನ್ನೊಂದು ದಾರಿ ಇದೆ. ಹಣ ಸಂಸ್ಥೆಗೆ ಅಂಟಿಕೊಳ್ಳದೆ ವ್ಯಕ್ತಿಯ ಹಿಂದೆ ಹೋಗಲಿ ಅನ್ನುವ ಯೋಚನೆ. ಟೆಕ್ಸಾಸ್ 2001ರಲ್ಲೇ ಇದನ್ನು ಶುರು ಮಾಡಿತ್ತು, 2005ರ ಕಾನೂನಿನಿಂದ ದೇಶದ ಮಟ್ಟಕ್ಕೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಕ್ಯಾಲಿಫೋರ್ನಿಯಾ ಕಮ್ಯುನಿಟಿ ಟ್ರಾನ್ಸಿಷನ್ಸ್, ನ್ಯೂಜೆರ್ಸಿಯಲ್ಲಿ ಐ ಚೂಸ್ ಹೋಮ್. ಮೊದಲು ಆರು ತಿಂಗಳು ಸಂಸ್ಥೆಯಲ್ಲಿ ಇದ್ದಿರಬೇಕಿತ್ತು, ಈಗ 60 ದಿನ ಸಾಕು, ರಿಹ್ಯಾಬ್ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಮನೆಯ ಅಡ್ವಾನ್ಸ್, ಮಂಚ, ರ್‍ಯಾಂಪ್‌ನಂಥ ಒಂದು ಸಲದ ಖರ್ಚಿಗೂ ಸಹಾಯ ಸಿಗಬಹುದು. ಆದರೆ ಹೊರಡುವ ಮೊದಲು ಕನಿಷ್ಠ ಒಂದು ದಿನವಾದರೂ ಮೆಡಿಕೈಡ್ ನರ್ಸಿಂಗ್ ಹೋಮಿನ ಖರ್ಚು ಕೊಟ್ಟಿರಬೇಕು. ಮನೆಗೆ ಕರೆದುಕೊಂಡು ಬಂದ ಮೇಲೆ ಅರ್ಜಿ ಹಾಕೋಣ ಅಂದುಕೊಂಡವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಮೆಡಿಕೈಡ್ ಅರ್ಜಿಯಲ್ಲಿ ಮೈಸೂರಿನ ಸೈಟು, ಊರಿನ ಬ್ಯಾಂಕಿನ ಠೇವಣಿ ಮುಚ್ಚಿಡಬೇಡಿ. ವಿದೇಶದ ಆಸ್ತಿಯೂ ಲೆಕ್ಕಕ್ಕೆ ಬರಬಹುದು. ತರಾತುರಿಯಲ್ಲಿ ಮಕ್ಕಳ ಹೆಸರಿಗೆ ಬರೆಸುವುದೂ ಬೇಡ. ಹೆಚ್ಚಿನ ರಾಜ್ಯಗಳು ಹಿಂದಿನ 60 ತಿಂಗಳ ವರ್ಗಾವಣೆ ನೋಡುತ್ತವೆ. ಗ್ರೀನ್ ಕಾರ್ಡ್ ಬಂದು 5 ವರ್ಷ ಆಗದ ಹಿರಿಯರಿಗೆ ಹೆಚ್ಚಿನ ಕಡೆ ಮೆಡಿಕೈಡ್ ಸಿಗುವುದಿಲ್ಲ. ಆದ ಮೇಲೂ ಪ್ರಾಯೋಜಕರಾಗಿ ಸಹಿ ಹಾಕಿದ ಮಕ್ಕಳ ಆದಾಯವನ್ನು ಸೇರಿಸಿ ನೋಡಬಹುದು. ಇಲ್ಲಿ ಹಿರಿಯರ ವಿಷಯ ನೋಡುವ ಎಲ್ಡರ್ ಲಾ ವಕೀಲರಿಗೆ ಕೊಟ್ಟ ಫೀಸು ದಂಡವಲ್ಲ.

ಮನೆಯಲ್ಲಿ ಸಹಾಯಕ್ಕೆ ಹಣ ಕೊಡುವ, ಕ್ಯಾಲಿಫೋರ್ನಿಯಾದ ಐಎಚ್‌ಎಸ್‌ಎಸ್‌ನಂಥ ಯೋಜನೆಯಲ್ಲಿ ತಿಂಗಳಿಗೆ 283 ಗಂಟೆಯ ತನಕ ಸಹಾಯ ಮಂಜೂರಾಗಬಹುದು, ನೋಡಿಕೊಳ್ಳುವ ಮಗಳಿಗೇ ಸಂಬಳ ಬರುತ್ತದೆ. ಅಮ್ಮನಿಗೆ ಕನ್ನಡ ಮಾತಾಡುವವರೇ ಸಿಕ್ಕಂತಾಯಿತು. ಅಮ್ಮ ಬೇರೆ ಅಪಾರ್ಟ್‌ಮೆಂಟಿನಲ್ಲಿ ಇದ್ದವರಾದರೆ ಅದನ್ನು ಅವಸರದಲ್ಲಿ ಬಿಟ್ಟುಕೊಡಬೇಡಿ. ಎಸ್‌ಎಸ್‌ಐ (ಆದಾಯ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಹಣ) ಪಡೆಯುವವರು ಬೇಗ ಮನೆಗೆ ಮರಳುತ್ತಾರೆ ಎಂದು ಡಾಕ್ಟರ್ ಬರೆದುಕೊಟ್ಟರೆ ಮನೆ ಉಳಿಸಿಕೊಳ್ಳಲು ಮೂರು ತಿಂಗಳ ತನಕ ಆ ಹಣ ಮುಂದುವರಿಯಬಹುದು.

ಹಂತ 6: ಒಂದು ದಿನದ ಮಟ್ಟಿಗೆ ಮನೆಗೆ ಕರೆದು ತನ್ನಿ

ಬಾಗಿಲು ಕನಿಷ್ಠ 32 ಇಂಚು ಅಗಲ ತೆರೆದರೆ ಗಾಲಿಕುರ್ಚಿ ಹೋಗುತ್ತದೆ. ರ್‍ಯಾಂಪ್ ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು. ಆಸ್ಪತ್ರೆ ಮಂಚ, ಗಾಲಿಕುರ್ಚಿ, ಕಮೋಡ್ ಕುರ್ಚಿಗೆ ಡಾಕ್ಟರ್ ಬರೆದುಕೊಟ್ಟರೆ ಮೆಡಿಕೇರ್ ಪಾರ್ಟ್ ಬಿ 80 ಶೇಕಡಾ ಕೊಡುತ್ತದೆ. ಬಾತ್‌ರೂಮಿನ ಹಿಡಿಕೆಗೆ, ಸ್ನಾನದ ಬೆಂಚಿಗೆ ಕೊಡುವುದಿಲ್ಲ.

ಅಳತೆ ಎಲ್ಲ ಸರಿಯಿದ್ದರೂ ಒಂದು ಸಲ ಕರೆತಂದು ನೋಡುವುದೇ ಒಳ್ಳೆಯದು. ಡಾಕ್ಟರ್ ಒಪ್ಪಿಗೆಯಿಂದ ಹಬ್ಬಕ್ಕೋ ಭಾನುವಾರಕ್ಕೋ ಕರೆತಂದು ರಾತ್ರಿ 12ರೊಳಗೆ ವಾಪಸ್ ಬಿಟ್ಟರೆ ಮೆಡಿಕೇರ್ ಲೆಕ್ಕಕ್ಕೆ ತೊಂದರೆಯಿಲ್ಲ. ‘ಹೊರಗೆ ಹೋದರೆ ಮೆಡಿಕೇರ್ ಕಟ್ ಆಗುತ್ತದೆ’ ಎಂದು ಹೆದರಿಸುವವರಿದ್ದಾರೆ, ಅದು ನಿಜವಲ್ಲ. ಆ ದಿನ ಅಮ್ಮನನ್ನು ಸೋಫಾದಲ್ಲಿ ಕೂರಿಸಿ ಉಪಚರಿಸಬೇಡಿ. ಟಾಯ್ಲೆಟ್‌ಗೆ ಹೋಗಲಿ, ಮಂಚದಿಂದ ಏಳಲಿ, ಊಟದ ಮೇಜಿಗೆ ಬರಲಿ. ಎಲ್ಲಿ ತಡೆಯಿತು ಎಂದು ಬರೆದುಕೊಂಡು ಥೆರಪಿಸ್ಟ್‌ಗೆ ಕೊಡಿ.

ಹಂತ 7: ಹೊರಡುವ ದಿನ, ಆಮೇಲಿನ 30 ದಿನ

ಶುಕ್ರವಾರ ಸಂಜೆ ಹೊರಡಬೇಡಿ. ಔಷಧಿ ಸಿಗದಿದ್ದರೆ, ಮಂಚ ಬರದಿದ್ದರೆ ಸೋಮವಾರದ ತನಕ ಫೋನ್ ಎತ್ತುವವರಿರುವುದಿಲ್ಲ. ಔಷಧಿ ಪಟ್ಟಿಯನ್ನು ನರ್ಸ್ ಜೊತೆ ಕೂತು ಒಂದೊಂದಾಗಿ ನೋಡಿ. ಮನೆಯಲ್ಲಿ ಹಳೆಯ ಡಬ್ಬಿಗಳಿವೆ, ಊರಿಂದ ತಂದ ಮಾತ್ರೆ, ಚೂರ್ಣ, ಕಷಾಯ ಇದೆ. ಅದೂ ಪಟ್ಟಿಗೆ ಬರಲಿ, ಯಾವುದನ್ನು ಬಿಡಬೇಕು ಎಂದು ಡಾಕ್ಟರ್ ಹೇಳಲಿ. ಅಮ್ಮ ಮನೆಗೆ ಬಂದ 48 ಗಂಟೆಯೊಳಗೆ ಹೋಮ್ ಹೆಲ್ತ್ ನರ್ಸ್ ಮೊದಲ ಭೇಟಿ ಕೊಡಬೇಕು. ಏಜೆನ್ಸಿಯ ಹೆಸರು, ನಂಬರು ಹೊರಡುವ ಮೊದಲೇ ಕೈಯಲ್ಲಿರಲಿ.

ಮೊದಲ ತಿಂಗಳು ಹಂತ 4ರ ಹಾಳೆಯನ್ನು ವಾರಕ್ಕೊಮ್ಮೆ ತೆಗೆದು ನೋಡಿ, ತಿದ್ದಿ. ಕನ್ನಡ ಕೂಟದ ಸ್ನೇಹಿತರು ‘ಏನಾದ್ರೂ ಬೇಕಾದ್ರೆ ಹೇಳಿ’ ಎಂದರೆ ಅಲ್ಲೇ ಒಂದು ಕೆಲಸ ಹೇಳಿಬಿಡಿ: ಬುಧವಾರ ಮಧ್ಯಾಹ್ನ ಎರಡು ಗಂಟೆ ಅಮ್ಮನ ಜೊತೆ ಕೂತಿರಿ.

ಏನು ಮಾಡಿದರೂ ಆಗುತ್ತಿಲ್ಲ, ಅಮ್ಮ ಮತ್ತೆ ಕುಸಿದರು ಅನ್ನಿಸಿದರೆ ತಡ ಮಾಡಬೇಡಿ. ಮೆಡಿಕೇರ್ ರಿಹ್ಯಾಬ್‌ನಿಂದ ಹೊರಬಂದ 30 ದಿನದೊಳಗೆ ಮತ್ತೆ ಅಂಥ ಆರೈಕೆ ಬೇಕಾದರೆ, ಆ 100 ದಿನಗಳಲ್ಲಿ ಇನ್ನೂ ಉಳಿದಿದ್ದರೆ, ರಿಹ್ಯಾಬ್‌ಗೆ ಮೊದಲು ಮೆಡಿಕೇರ್ ಕೇಳುವ ಮೂರು ದಿನವನ್ನು ಆಸ್ಪತ್ರೆಯಲ್ಲಿ ಇನ್ನೊಮ್ಮೆ ಕಳೆಯದೆ ನೇರವಾಗಿ ನರ್ಸಿಂಗ್ ಹೋಮಿಗೆ ವಾಪಸ್ ಹೋಗಬಹುದು. ಹೊರಬಂದ ತಾರೀಕು ಮತ್ತು ಉಳಿದ ದಿನಗಳ ಲೆಕ್ಕವನ್ನು ಡಿಸ್ಚಾರ್ಜ್ ಕಾಗದದ ಮೇಲೆಯೇ ಬರೆಸಿಕೊಂಡು ಬನ್ನಿ.